ಶಾಯಿ ಪೆನ್ನು: ಕೂಡಿಡುವುದೋ, ಬರೆಯುವುದೋ?

ಅಂಕಲಗಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅಜ್ಜ ತೀರಿಕೊಂಡ ಮೇಲೆ ಅದಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಹೊಲದ ಹಳೆಯ ಉತಾರ ಬೇಕಾಗಿ ಒಮ್ಮೆ ಕೆಳಗಿಳಿಸಿದೆವು. ಕಂದಾಯದ ಪಾವತಿ, ಲಗ್ನಪತ್ರಿಕೆ, ಯಾರದೋ ಸಾಲದ ಚೀಟಿ, ಇವೆಲ್ಲದರ ಅಡಿಯಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟ ಒಂದು ಕಪ್ಪು ಪೆನ್ನು ಸಿಕ್ಕಿತು. ಬೆರಳಿನಷ್ಟು ದಪ್ಪ, ಕೈಗೆ ಹಗುರ. ಮುಚ್ಚಳ ತಿರುಗಲಿಲ್ಲ. ಎಷ್ಟೋ ವರ್ಷದ ಹಿಂದಿನ ಶಾಯಿ ಒಣಗಿ ಅಂಟಿನಂತೆ ಅದನ್ನು ಹಿಡಿದುಕೊಂಡಿತ್ತು.

ಅಜ್ಜ ಕನ್ನಡ ಸಾಲಿಯ ಮಾಸ್ತರರು. ನನ್ನ ಕೈಗೆ ಮೊದಲ ಸಲ ಪೆನ್ನು ಕೊಟ್ಟವರೂ ಅವರೇ. ನಾನು ಪಾಟಿಯ ಮೇಲೆ ಕಡ್ಡಿ ಒತ್ತುವಂತೆ ಪೆನ್ನನ್ನೂ ಒತ್ತಿದಾಗ, ಹಿಂದಿನಿಂದ ಬಗ್ಗಿ ನನ್ನ ಕೈ ಹಿಡಿದು, "ಒತ್ತಬ್ಯಾಡೋ ತಮ್ಮಾ. ಕಾಗದದ ಮ್ಯಾಲ ಸುಮ್ಮನ ಇಡು. ಶಾಯಿ ತಾನ ಇಳೀತದ" ಅಂದಿದ್ದರು. ಪೆನ್ನಿನ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಈ ಮಾತಿನ ವಿವರಣೆಯೇ.

ಆ ಪೆನ್ನು ಬಿಚ್ಚುವ ಅವಸರದಲ್ಲಿ ನಾನೊಂದು ತಪ್ಪು ಮಾಡಿದೆ. ಸ್ನಾನದ ಹಂಡೆಯಿಂದ ಬಿಸಿನೀರು ತಂದು ಅದರಲ್ಲಿ ಮುಳುಗಿಸಿಟ್ಟೆ. ಮುಚ್ಚಳವೇನೋ ಬಿಚ್ಚಿತು. ಆದರೆ ಮಿರಿಮಿರಿ ಕಪ್ಪಗಿದ್ದ ಮೈ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತು. ಅದು ಎಬೊನೈಟ್: ರಬ್ಬರಿಗೆ ಗಂಧಕ ಬೆರೆಸಿ ಬಹಳ ಹೊತ್ತು ಬೇಯಿಸಿ ಗಟ್ಟಿ ಮಾಡಿದ ವಸ್ತು. ಬಿಸಿನೀರು, ಬಿಸಿಲು ಎರಡೂ ಅದರ ಬಣ್ಣ ಕೆಡಿಸುತ್ತವೆ. ತಣ್ಣೀರಿನಲ್ಲಿ ಒಂದು ರಾತ್ರಿ ಇಟ್ಟಿದ್ದರೆ ಸಾಕಾಗಿತ್ತು. ಹಳೆಯ ಪೆನ್ನು ಸಿಕ್ಕಾಗ ಏನು ಮಾಡಬಾರದು ಎಂದು ಹೇಳುವವರೇ ನಮ್ಮ ನಡುವೆ ಇಲ್ಲವಾಗಿದ್ದಾರಲ್ಲ ಎಂಬ ಕೊರಗು ಅಂದು ಹುಟ್ಟಿತು. ಈ ಬರಹವೂ ಅಲ್ಲಿಂದಲೇ ಹುಟ್ಟಿದ್ದು.

ಶಾಯಿ ಪೆನ್ನು ಈಗ ಮತ್ತೆ ಸುದ್ದಿಯಲ್ಲಿದೆ. ಬೆಂಗಳೂರು, ಮುಂಬಯಿ, ಚೆನ್ನೈಗಳಲ್ಲಿ ಅದನ್ನು ಹವ್ಯಾಸವಾಗಿ ಬೆಳೆಸಿಕೊಂಡವರು ಸಾಕಷ್ಟಿದ್ದಾರೆ. ನವೆಂಬರಿನ ಮೊದಲ ಶುಕ್ರವಾರವನ್ನು 2012ರಿಂದ ಜಗತ್ತಿನ ಹಲವೆಡೆ ಶಾಯಿ ಪೆನ್ನಿನ ದಿನವೆಂದು ಆಚರಿಸುತ್ತಾರೆ. ಈ ಹವ್ಯಾಸದಲ್ಲಿ ಗಟ್ಟಿಯಾದದ್ದು ಯಾವುದು, ಜೊಳ್ಳು ಯಾವುದು, ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ನಮ್ಮ ಕಡೆಯ ಓದುವ ಬರೆಯುವ ಮನೆಗಳಿಗೆ ಅದರಿಂದ ಏನು ದಕ್ಕೀತು ಎಂದು ನೋಡುವುದು ನನ್ನ ಉದ್ದೇಶ.

ನಮ್ಮ ಕಡೆ ಬರವಣಿಗೆಯ ಸಾಮಾನಿಗೆ ಹಳೆಯ ಹೆಸರುಗಳಿವೆ. ಬೋರು ಎಂದರೆ ಬಿದಿರು, ದೇವನಾಳದ ಕಡ್ಡಿ ಚೂಪು ಮಾಡಿದ ಲೇಖನಿ. ಟಾಕು ಎಂದರೆ ಅದ್ದಿ ಬರೆಯುವ ಲೋಹದ ಮುಳ್ಳು. ದೌತಿ ಎಂದರೆ ಮಸಿಕುಡಿಕೆ. ಕುಲಕರ್ಣಿಯ ದಫ್ತರದಲ್ಲಿ ಮೋಡಿ ಅಕ್ಷರ ಓಡಿದ್ದು ಬೋರಿನಲ್ಲಿ. ಕೈ ಎತ್ತದೆ ಸಾಲು ಮುಗಿಸುವ ಆ ಲಿಪಿಗೆ ಅದೇ ಸರಿಯಾದ ಸಾಧನ. ಕುಲಕರ್ಣಿ ವತನ ಮುಂಬಯಿ ಸರಕಾರದ 1950ರ ಕಾಯ್ದೆಯಿಂದ ರದ್ದಾಯಿತು. ಬೋರು ಅದಕ್ಕೂ ಮೊದಲೇ ಮೂಲೆ ಸೇರತೊಡಗಿತ್ತು. ದೀಪಾವಳಿಗೆ ಹೊಸ ಕಿರ್ದಿ ಪುಸ್ತಕದ ಜೊತೆ ದೌತಿ, ಟಾಕು ಇಟ್ಟು ಕುಂಕುಮ ಹಚ್ಚುವ ಅಂಗಡಿಕಾರರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಬರೆಯುವ ಸಾಧನಕ್ಕೆ ಕೈಮುಗಿಯುತ್ತಿದ್ದ ಮನೆಗಳು ಇವು.

ಅದ್ದಿ ಬರೆಯುವವನ ಕಷ್ಟ ಬರೆದವನಿಗೇ ಗೊತ್ತು. ನಾಲ್ಕು ಶಬ್ದಕ್ಕೊಮ್ಮೆ ಕೈ ದೌತಿಗೆ ಹೋಗಬೇಕು. ಮೊದಲ ಅಕ್ಷರ ಕಪ್ಪು, ನಾಲ್ಕನೆಯದು ಮಸುಕು. ಶಾಯಿಯನ್ನು ಪೆನ್ನಿನ ಹೊಟ್ಟೆಯಲ್ಲೇ ತುಂಬಿಸುವ ಯೋಚನೆ ಹಳೆಯದು; ರುಮೇನಿಯದ ಪೆಟ್ರಾಕೆ ಪೊಯೆನಾರು 1827ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥ ಪೆನ್ನಿಗೆ ಪೇಟೆಂಟ್ ಪಡೆದಿದ್ದ. ತುಂಬುವುದು ಕಷ್ಟವಿರಲಿಲ್ಲ, ತುಂಬಿದ್ದನ್ನು ಹದವಾಗಿ ಇಳಿಸುವುದೇ ಕಷ್ಟವಾಗಿತ್ತು. ಹೊಟ್ಟೆಯೊಳಗಿನ ಶಾಯಿ ಹೊರಗೆ ಬರಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಗಾಳಿ ಹೋಗದಿದ್ದರೆ ಪೆನ್ನು ಬರೆಯುವುದಿಲ್ಲ, ಹೆಚ್ಚು ಹೋದರೆ ಕಾಗದದ ಮೇಲೆ ದೊಡ್ಡ ಹನಿ ಬೀಳುತ್ತದೆ. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ನಿನಲ್ಲಿ ನಿಬ್ಬಿನ ಕೆಳಗಿನ ನಾಲಿಗೆಗೆ ಕೂದಲೆಳೆಯ ಗೆರೆಗಳನ್ನು ಕೊರೆದು ಈ ಲೆಕ್ಕ ಸರಿಮಾಡಿದ. ಶಾಯಿ ಆ ಸಣ್ಣ ಸಂದುಗಳಲ್ಲಿ ತಾನೇ ಹರಿಯುತ್ತದೆ, ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವ ಹಾಗೆ. ಅಜ್ಜ ಒತ್ತಬ್ಯಾಡ ಅಂದದ್ದು ಇದಕ್ಕೇ. ಇಲ್ಲಿ ಕೆಲಸ ಮಾಡುವುದು ಕೈಯ ಬಲವಲ್ಲ, ಶಾಯಿಯ ಹರಿವು. ಗಡಿಯಾಚೆಯ ಮರಾಠಿಯಲ್ಲಿ ಈ ಪೆನ್ನಿಗೆ ಝರಣಿ ಎಂಬ ಹೆಸರಿದೆ. ಇಷ್ಟು ಒಪ್ಪುವ ಹೆಸರು ನಮ್ಮಲ್ಲಿ ಬಳಕೆಗೆ ಬರಲಿಲ್ಲವಲ್ಲ ಎಂದು ನನಗೆ ಆಗಾಗ ಅನಿಸುತ್ತದೆ.

ಮುಂದಿನ ಅರವತ್ತು ವರ್ಷ ತುಂಬಿಸುವ ಬಗೆ ಬದಲಾಗುತ್ತ ಹೋಯಿತು. ಷೀಫರ್ ಕಂಪನಿ ಪಕ್ಕದ ಸಣ್ಣ ಕಡ್ಡಿ ಎತ್ತಿದರೆ ಒಳಗಿನ ರಬ್ಬರ್ ಚೀಲ ಶಾಯಿ ಹೀರುವ ಪೆನ್ನು ತಂದಿತು. ಪೆಲಿಕಾನ್ 1929ರಲ್ಲಿ ಹಿಂದಿನ ಗುಬ್ಬಿ ತಿರುವಿದರೆ ಶಾಯಿ ಎಳೆದುಕೊಳ್ಳುವ ಪಿಸ್ಟನ್ ಪೆನ್ನು ತಂದಿತು. ಪಾರ್ಕರ್ 1941ರಲ್ಲಿ ಪೇಟೆಗೆ ತಂದ 51 ಎಂಬ ಪೆನ್ನಿನಲ್ಲಿ ನಿಬ್ಬು ತುದಿಯೊಂದನ್ನು ಬಿಟ್ಟು ಮುಸುಕು ಹಾಕಿಕೊಂಡಿತು. 1931ರಲ್ಲಿ ಶಾಂಘೈನಲ್ಲಿ ಶುರುವಾದ ಕಂಪನಿಯ ಹೀರೋ ಪೆನ್ನುಗಳು ಆ ರೂಪವನ್ನೇ ಅನುಸರಿಸಿದವು. ಬಂಗಾರದ ಬಣ್ಣದ ಮುಚ್ಚಳದ ಹೀರೋ ಪೆನ್ನನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡು ಲಗ್ನಕ್ಕೆ ಹೋದವರು ನಮ್ಮ ಪ್ರತಿ ಊರಿನಲ್ಲೂ ಇದ್ದರು. ಇನ್ನೊಂದು ಸಂಗತಿ ಕನ್ನಡಿಗರಿಗೆ ತಿಳಿದಿರಬೇಕು. ಅಮೆರಿಕದ ಅಯೋವಾದಲ್ಲಿ ಹುಟ್ಟಿದ ಆ ಷೀಫರ್, ಕೈಯಿಂದ ಕೈಗೆ ದಾಟಿ, 2022ರಲ್ಲಿ ಬೆಂಗಳೂರಿನ ವಿಲಿಯಂ ಪೆನ್ ಸಂಸ್ಥೆಯ ಪಾಲಾಯಿತು.

ನಮ್ಮ ದೇಶದ ಪೆನ್ನಿನ ಕಥೆ ಸ್ವದೇಶಿಯ ಕಥೆಯೊಡನೆ ಹೆಣೆದುಕೊಂಡಿದೆ. ರಾಜಮಹೇಂದ್ರಿಯ ಕೆ.ವಿ. ರತ್ನಂ ಅವರಿಗೆ ದೇಶದಲ್ಲೇ ಏನನ್ನಾದರೂ ತಯಾರಿಸಿ ಎಂಬ ಪ್ರೇರಣೆ ಗಾಂಧೀಜಿಯಿಂದ ಬಂತು. ಅವರು 1932ರಲ್ಲಿ ಪೆನ್ನು ತಯಾರಿಕೆ ಆರಂಭಿಸಿ, ಗಾಂಧೀಜಿಗೊಂದು ಪೆನ್ನು ಕಳಿಸಿದರು. 1935ರ ಜುಲೈನಲ್ಲಿ ಗಾಂಧೀಜಿ ಅದನ್ನು ಬಳಸಿ ನೋಡಿ, ಪರದೇಶಿ ಪೆನ್ನಿಗೆ ಇದು ಬದಲಿಯಾಗಬಲ್ಲದು ಎಂಬ ಅರ್ಥದ ಪತ್ರ ಬರೆದರು. ಗಾಂಧೀಜಿಯ ನಂಟು ನಮ್ಮ ಕಡೆಗೂ ಇತ್ತು. ಅವರು ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರಲ್ಲಿ ನಡೆದದ್ದು ನಮ್ಮ ಬೆಳಗಾವಿಯಲ್ಲಿ. ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ ದೇಶಪಾಂಡೆಯವರ ಊರಾದ ಹುದಲಿಗೆ ಅವರು 1937ರಲ್ಲಿ ಬಂದು ಉಳಿದಿದ್ದರು. ಹುದಲಿಯ ಖಾದಿಯ ಹೆಸರು ಈಗಲೂ ಉಳಿದಿದೆ. ಖಾದಿಗೆ ಸಿಕ್ಕ ಆ ಮಾನ ಸ್ವದೇಶಿ ಪೆನ್ನಿಗೆ ನಮ್ಮ ಭಾಗದಲ್ಲಿ ಸಿಗಲಿಲ್ಲ. ನೂಲಿದ ಕೈಗಳನ್ನು ನೆನೆದಂತೆ ಲೇಥ್ ತಿರುಗಿಸಿದ ಕೈಗಳನ್ನು ನಾವು ನೆನೆಯಲಿಲ್ಲ.

ಶಾಯಿಯ ಕಥೆಯೂ ಹೀಗೆಯೇ. ಮುಂಬಯಿಯ ದಾಂಡೇಕರ ಸೋದರರು 1931ರಲ್ಲಿ ಕುದುರೆ ಛಾಪಿನ ಶಾಯಿ ಪುಡಿ, ಗುಳಿಗೆ ಮಾಡತೊಡಗಿದರು. ಅದೇ ಮುಂದೆ ಕ್ಯಾಮ್ಲಿನ್ ಆಯಿತು. ಬಂಗಾಳದ ರಾಜಶಾಹಿಯಲ್ಲಿ ಮೈತ್ರ ಸೋದರರು 1934ರಲ್ಲಿ ಸುಲೇಖಾ ಶಾಯಿ ಆರಂಭಿಸಿದರು. ನಡುವೆ ಬಹಳ ವರ್ಷ ನಿಂತುಹೋಗಿದ್ದ ಆ ಕಂಪನಿ ಮತ್ತೆ ಶಾಯಿ ಮಾಡುತ್ತಿದೆ. ನಮ್ಮ ಭಾಗ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು, ವ್ಯಾಪಾರವೂ ಆ ಕಡೆಯದೇ ಹೆಚ್ಚು. ಆದರೂ ಬೆಂಗಳೂರಿನ ಬ್ರಿಲ್ ಶಾಯಿಯನ್ನು ಕರ್ನಾಟಕದ ಶಾಲೆಗಳಲ್ಲಿ ಓದಿದ ಒಂದು ತಲೆಮಾರು ಮರೆತಿಲ್ಲ. ಗಟ್ಟಿ ಗಾಜಿನ ಬಾಟಲಿ, ಮುಚ್ಚಳ ತೆಗೆದಾಗ ಬರುವ ಆ ವಾಸನೆ, ಬೆರಳಿನ ಸಂದಿಯಲ್ಲಿ ಎರಡು ದಿನ ಉಳಿಯುವ ನೀಲಿ. ಮೈಸೂರಿನಲ್ಲಿ 1937ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆ 1962ರಿಂದ ಇಡೀ ದೇಶದ ಮತದಾರರ ಬೆರಳಿಗೆ ಅಳಿಸದ ಶಾಯಿ ಒದಗಿಸುತ್ತಿದೆ. ಅದು ಪೆನ್ನಿನ ಶಾಯಿ ಅಲ್ಲ, ನಿಜ. ಆದರೂ ಶಾಯಿಗೂ ಕನ್ನಡ ನಾಡಿಗೂ ಇರುವ ನಂಟು ಹೇಳುವಾಗ ಅದನ್ನು ಬಿಡಲು ಮನಸ್ಸಾಗುವುದಿಲ್ಲ.

ಇಂಥ ಪೆನ್ನು, ಶಾಯಿಗಳ ಕಾಲದಲ್ಲಿ ಬರೆದ ನಮ್ಮ ಕಡೆಯ ಸಾಹಿತಿಗಳನ್ನೂ ನೆನೆಯಬೇಕು. ಬೆಟಗೇರಿ ಕೃಷ್ಣಶರ್ಮರು ಹುಟ್ಟಿದ್ದು 1900ರಲ್ಲಿ, ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ. ಬಸವರಾಜ ಕಟ್ಟೀಮನಿಯವರು ಹುಟ್ಟಿದ್ದು 1919ರಲ್ಲಿ, ಅದೇ ತಾಲೂಕಿನ ಮಲಾಮರಡಿಯಲ್ಲಿ. ಚಂದ್ರಶೇಖರ ಕಂಬಾರರು ಹುಟ್ಟಿದ್ದು 1937ರಲ್ಲಿ, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ. ಈ ಸಣ್ಣ ಪ್ರದೇಶದಿಂದ ಇಷ್ಟು ದೊಡ್ಡ ಬರವಣಿಗೆ ಬಂದದ್ದು ಕೈಬರಹದ ಕಾಲದಲ್ಲಿ. ಅವರ ಕೈಯಲ್ಲಿ ಯಾವ ಪೆನ್ನಿತ್ತು ಎನ್ನುವುದು ಮುಖ್ಯವಲ್ಲ. ಪುಟದ ಮೇಲೆ ಪುಟ ಕೈಯಿಂದ ಬರೆದು ಹೊಡೆದುಹಾಕಿ ಮತ್ತೆ ಬರೆಯುವುದೇ ಸಹಜವಾಗಿದ್ದ ಒಂದು ಬದುಕಿತ್ತು, ಅದು ಮುಖ್ಯ.

ಆ ಬದುಕನ್ನು ಬಾಲ್‌ಪೆನ್ನು ಹಾಳುಮಾಡಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಂಗೇರಿಯ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟ್ ಪಡೆದ ಬಾಲ್‌ಪೆನ್ನು ನಮ್ಮ ಹಳ್ಳಿಗಳನ್ನು ಪೂರ್ತಿ ಗೆದ್ದದ್ದು 1980ರ ದಶಕದ ಕೊನೆಗೆ, ಬಿಳಿ ಮೈಯ ನೀಲಿ ಮುಚ್ಚಳದ ರೆನಾಲ್ಡ್ಸ್ ಬಂದ ಮೇಲೆ. ಅದು ಗೆದ್ದದ್ದು ಯೋಗ್ಯತೆಯಿಂದಲೇ. ಸೋರುವುದಿಲ್ಲ, ತುಂಬಿಸಬೇಕಿಲ್ಲ, ಕೆಟ್ಟ ಕಾಗದದ ಮೇಲೂ ಬರೆಯುತ್ತದೆ, ಬಿದ್ದರೆ ಮುರಿಯುವುದಿಲ್ಲ. ಪರೀಕ್ಷೆಯ ನಡುವೆ ನಿಬ್ಬು ಕಚ್ಚಿ ಕಾಗದ ಹರಿದು ಅತ್ತ ಹುಡುಗಿಯರನ್ನು ನಾನು ಕಂಡಿದ್ದೇನೆ. ಒಂದೇ ಬಿಳಿ ಅಂಗಿ ಇದ್ದ ಹುಡುಗನಿಗೆ ಕಿಸೆಯ ಮೇಲಿನ ಶಾಯಿಯ ಕಲೆ ಇಡೀ ವರ್ಷದ ಅವಮಾನ. ಅಂಥ ಮಕ್ಕಳಿಗೆ ಕೈಕೊಡದ ಪೆನ್ನು ಸಿಕ್ಕಿತು. ಬಾಲ್‌ಪೆನ್ನಿನಲ್ಲಿ ಬರೆದರೆ ಅಕ್ಷರ ಕೆಡ್ತಾವ ಎಂದು ಮಾಸ್ತರರು ಎಷ್ಟು ಹೇಳಿದರೂ ಆ ಅನುಕೂಲದ ಮುಂದೆ ಅದು ನಿಲ್ಲಲಿಲ್ಲ. ಶಾಯಿ ಪೆನ್ನಿನ ಪರ ಮಾತಾಡುವವರು ಈ ಸತ್ಯವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಹಾಗಾದರೆ ಅನುಕೂಲದ ಸಾಧನ ಇದ್ದೂ ಅನನುಕೂಲದ ಸಾಧನ ಯಾಕೆ? ಮೊದಲ ಉತ್ತರ ಕೈಯಲ್ಲೇ ಇದೆ. ಬಾಲ್‌ಪೆನ್ನಿನ ಗುಂಡು ಉರುಳಲು ಒತ್ತಬೇಕು. ಶಾಯಿ ಪೆನ್ನಿಗೆ ಒತ್ತು ಬೇಕಿಲ್ಲ. ನಾಲ್ಕು ಪುಟ ಬರೆದ ಮೇಲೆ ಹೆಬ್ಬೆರಳ ಬುಡದಲ್ಲಿ ಬರುವ ನೋವು ಇದರಲ್ಲಿ ಬಹಳ ಕಡಿಮೆ. ಆದರೆ ಶಾಯಿ ಪೆನ್ನು ಹಿಡಿದ ಮಾತ್ರಕ್ಕೆ ಅಕ್ಷರ ದುಂಡಾಗುತ್ತವೆ ಎನ್ನುವುದು ಸುಳ್ಳು. ಪೆನ್ನು ಕೈಯನ್ನು ನಿಧಾನ ಮಾಡುತ್ತದೆ. ಅಕ್ಷರ ದುಂಡಾಗಿಸುವುದು ಆ ನಿಧಾನದ ಅಭ್ಯಾಸ.

ಎರಡನೆಯ ಉತ್ತರ ಕನ್ನಡ ಲಿಪಿಯಲ್ಲಿದೆ. ನಮ್ಮ ಅಕ್ಷರ ತಾಳೆಗರಿಯ ಮೇಲೆ ಕಂಠವೆಂಬ ಲೋಹದ ಲೇಖನಿಯಿಂದ ಕೊರೆದು ಬೆಳೆದವು. ಅಡ್ಡಗೆರೆ ಎಳೆದರೆ ಗರಿ ಸೀಳುತ್ತದೆ ಎಂದು ಕೈ ಸದಾ ಬಳುಕುತ್ತಿತ್ತು, ಹಾಗಾಗಿ ಅಕ್ಷರ ದುಂಡಗಾದವು ಎಂಬುದು ವಿದ್ವಾಂಸರು ಹೇಳುತ್ತ ಬಂದ ಮಾತು. ಈ ದುಂಡು ಗೆರೆಗೆ ಶಾಯಿ ಪೆನ್ನು ಹೇಳಿ ಮಾಡಿಸಿದಂತಿದೆ. 'ಅ'ದ ಸುರುಳಿ, 'ಲ'ದ ಬಳುಕು, 'ತ'ದ ಹೊಟ್ಟೆ ಬರೆಯುವಾಗ ನಿಬ್ಬು ಒಂದು ಕಡೆಯೂ ತಡೆಯುವುದಿಲ್ಲ. ಆದರೆ ಇಲ್ಲೊಂದು ಎಚ್ಚರ ಬೇಕು. ರೋಮನ್ ಲಿಪಿಯಲ್ಲಿ ಬರೆಯುವವರು ದಪ್ಪ ನಿಬ್ಬು ಹೊಗಳುತ್ತಾರೆ. ಅದೇ ನಿಬ್ಬಿನಲ್ಲಿ 'ರಾಷ್ಟ್ರ' ಎಂದು ಬರೆದು ನೋಡಿ: ಒತ್ತಕ್ಷರಗಳೆರಡೂ ಕೂಡಿ ಕೆಳಗೆ ಶಾಯಿಯ ಮುದ್ದೆಯಾಗುತ್ತವೆ. 'ಖ', 'ಋ', 'ಈ'ಗಳ ಕಣ್ಣು ಮುಚ್ಚಿಹೋಗುತ್ತದೆ. ನೋಟ್‌ಬುಕ್ಕಿನ ಎರಡು ಗೆರೆಗಳ ನಡುವೆ ತಲಕಟ್ಟು, ಗುಡಿಸು, ಮೈ, ಒತ್ತು ಎಲ್ಲ ಹಿಡಿಯಬೇಕಾದ ನಮಗೆ ತೆಳು ನಿಬ್ಬೇ ಬೇಕು. ಜಪಾನಿನ ಪೈಲಟ್, ಪ್ಲಾಟಿನಂ, ಸೈಲರ್ ಕಂಪನಿಗಳ ತೆಳು ನಿಬ್ಬು ಯುರೋಪಿನ ತೆಳು ನಿಬ್ಬಿಗಿಂತ ಇನ್ನೂ ತೆಳು, ಏಕೆಂದರೆ ಹತ್ತಾರು ಗೆರೆಗಳ ಅಕ್ಷರವನ್ನು ಸಣ್ಣ ಚೌಕದಲ್ಲಿ ಕೂಡಿಸುವ ಕಷ್ಟ ಅವರಿಗೂ ಇದೆ. ಕನ್ನಡ ಬರೆಯುವವರಿಗೆ ಆ ನಿಬ್ಬು ಚೆನ್ನಾಗಿ ಒಗ್ಗುತ್ತದೆ. ಪೆನ್ನು ಕೊಳ್ಳುವ ಮುಂಚೆ ಅಂಗಡಿಯಲ್ಲಿ ಸಹಿ ಮಾಡಿ ನೋಡುವವರೇ ಎಲ್ಲರೂ. ಸಹಿ ಬೇಡ, ಎರಡು ಒತ್ತಕ್ಷರವಿರುವ ನಾಲ್ಕು ಶಬ್ದ ಬರೆದು ನೋಡಿ.

ಪೆನ್ನುಗಳ ಆಯ್ಕೆಗೆ ಬರೋಣ. ಹವ್ಯಾಸಕ್ಕೆ ಇಳಿದವರು ಸಾಮಾನ್ಯವಾಗಿ ಮೊದಲು ಹೋಗುವುದು ಪರದೇಶಿ ಹೆಸರುಗಳ ಕಡೆ. ಜರ್ಮನಿಯ ಲಾಮಿ ಸಫಾರಿ 1980ರಲ್ಲಿ ಶಾಲೆಯ ಮಕ್ಕಳಿಗೆಂದೇ ಬಂದ ಗಟ್ಟಿಮುಟ್ಟಾದ ಪೆನ್ನು, ಹೊಸಬರಿಗೆ ಒಳ್ಳೆಯದು. ಮಾಂಟ್‌ಬ್ಲಾಂಕ್ 149 ಎಂಬ 1952ರ ದಪ್ಪ ಪೆನ್ನಿಗೆ ಭಾರೀ ಬೆಲೆ. ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಬರೆದೂ ನೋಡಿದ್ದೇನೆ. ಚೆನ್ನಾಗಿದೆ. ಆದರೆ ಆ ಬೆಲೆಯಲ್ಲಿ ದೊಡ್ಡ ಪಾಲು ಮುಚ್ಚಳದ ಮೇಲಿನ ಬಿಳಿ ನಕ್ಷತ್ರಕ್ಕೆ ಹೋಗುತ್ತದೆ ಎಂಬುದು ನನ್ನ ತೀರ್ಮಾನ.

ಮನಸ್ಸಿಟ್ಟು ನೋಡಬೇಕಾದವು ನಮ್ಮ ದಕ್ಷಿಣದ ಎಬೊನೈಟ್ ಪೆನ್ನುಗಳು. ರಾಜಮಹೇಂದ್ರಿಯ ರತ್ನಂ, ಗೈಡರ್, ಚೆನ್ನೈನ ಗಾಮಾ, ತಿರುವಳ್ಳೂರಿನ ರಂಗ. ಇವರೆಲ್ಲ ಎಬೊನೈಟಿನ ಸರಳನ್ನು ಲೇಥಿಗೆ ಕಟ್ಟಿ, ಕಣ್ಣಳತೆ ಕೈಯಳತೆಯಿಂದ ಒಂದೊಂದಾಗಿ ಪೆನ್ನು ಕಡೆಯುವವರು. ಒಂದರಂತೆ ಇನ್ನೊಂದು ಇರುವುದಿಲ್ಲ. ನಿಮ್ಮ ಕೈ ದೊಡ್ಡದಿದ್ದರೆ ದಪ್ಪಗೆ, ಚಿಕ್ಕದಿದ್ದರೆ ತೆಳ್ಳಗೆ ಮಾಡಿಕೊಡುತ್ತಾರೆ. ಇವುಗಳ ಹೊಟ್ಟೆಗೆ ನೇರವಾಗಿ ಫಿಲ್ಲರಿನಿಂದ ಶಾಯಿ ಹಾಕುವುದು. ಪರದೇಶಿ ಪೆನ್ನಿನ ಕನ್ವರ್ಟರಿನಲ್ಲಿ, ಅಂದರೆ ಶಾಯಿ ಎಳೆದುಕೊಳ್ಳುವ ಸಣ್ಣ ಕೊಳವೆಯಲ್ಲಿ, ಸಾಮಾನ್ಯವಾಗಿ ಒಂದು ಮಿಲಿಲೀಟರೂ ಹಿಡಿಯುವುದಿಲ್ಲ; ಇವುಗಳಲ್ಲಿ ಮೂರು ಮಿಲಿಲೀಟರ್ ಆರಾಮವಾಗಿ ಹಿಡಿಯುತ್ತದೆ. ವಾರಗಟ್ಟಲೆ ಬರೆಯಬಹುದು.

ಇವಕ್ಕೊಂದು ಹಳೆಯ ಕಾಯಿಲೆಯಿದೆ. ಶಾಯಿ ಕಾಲು ಭಾಗಕ್ಕೆ ಇಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಉಬ್ಬಿ ಶಾಯಿಯನ್ನು ಹೊರಗೆ ದೂಡುತ್ತದೆ. ಕಾಗದದ ಮೇಲೆ ದೊಪ್ಪನೆ ಹನಿ. ಆಗ ನಾವು ಸೀಮೆಸುಣ್ಣದ ತುಂಡು, ನಮ್ಮ ಮಾತಿನ ಖಡು, ಹನಿಗೆ ತಾಗಿಸುತ್ತಿದ್ದೆವು. ಅದು ಗಟಗಟ ಹೀರಿ ತಾನೇ ನೀಲಿಯಾಗುತ್ತಿತ್ತು. ಪರಿಹಾರ ಸುಲಭ. ಶಾಯಿ ಅಷ್ಟು ಇಳಿಯುವ ಮುಂಚೆಯೇ ತುಂಬಿಸಿಬಿಡಬೇಕು. ಎಬೊನೈಟ್ ಪ್ಲಾಸ್ಟಿಕ್ಕಿನಷ್ಟು ಬೇಗ ಬಿಸಿಯನ್ನು ಒಳಗೆ ಬಿಡುವುದಿಲ್ಲ, ಮೈ ದಪ್ಪವಿದ್ದಷ್ಟೂ ಹನಿ ಬೀಳುವುದು ಕಡಿಮೆ. ಹಳೆಯ ಕಸಬುದಾರರು ಈ ವಸ್ತುವನ್ನು ಬಿಟ್ಟುಕೊಡದಿದ್ದುದಕ್ಕೆ ಇದೂ ಒಂದು ಕಾರಣ.

ಶಾಯಿಯಲ್ಲಿ ಈಗ ನೂರಾರು ಬಣ್ಣ ಸಿಗುತ್ತವೆ. ಹೊಸಬರು ಇದರಲ್ಲೇ ಕಳೆದುಹೋಗುತ್ತಾರೆ. ನೀರಿನಲ್ಲಿ ಕರಗಿದ ಬಣ್ಣದ ಶಾಯಿ ಪೆನ್ನಿಗೆ ಸುರಕ್ಷಿತ, ಆದರೆ ಕಾಗದಕ್ಕೆ ನೀರು ಬಿದ್ದರೆ ಅಕ್ಷರ ಹೋಗುತ್ತದೆ. ಶಾಶ್ವತ ದಾಖಲೆಗೆ ಹಿಂದೆ ಬಳಸುತ್ತಿದ್ದುದು ಕಬ್ಬಿಣದ ಶಾಯಿ: ಒಗರು ಕಾಯಿಯ ರಸ ಮತ್ತು ಅನ್ನಭೇದಿ ಕೂಡಿದ್ದು. ಬರೆದಾಗ ಮಸುಕು, ಗಾಳಿ ತಾಗಿದ ಮೇಲೆ ಕಪ್ಪು. ನಮ್ಮಲ್ಲಿ ಇದಕ್ಕೆ ಅಳಲೆಕಾಯಿ ಬಳಸುತ್ತಿದ್ದರು. ಈ ಶಾಯಿಯಲ್ಲಿ ಹುಳಿಯಿದೆ. ಪೆನ್ನಿನಲ್ಲಿ ಒಣಗಲು ಬಿಟ್ಟರೆ ಉಕ್ಕಿನ ನಿಬ್ಬನ್ನು ತಿನ್ನುತ್ತದೆ. ಚಿತ್ರಕಾರರ ಇಂಡಿಯನ್ ಇಂಕನ್ನು ಮಾತ್ರ ಯಾವ ಕಾರಣಕ್ಕೂ ಪೆನ್ನಿಗೆ ಹಾಕಬಾರದು, ಅದರ ಅಂಟು ನಾಲಿಗೆಯ ಗೆರೆಗಳನ್ನು ಮುಚ್ಚಿಬಿಡುತ್ತದೆ. ನನ್ನ ಮೇಜಿನ ಮೇಲೆ ಇರುವುದು ಎರಡೇ ಬಾಟಲಿ, ಒಂದು ನೀಲಿ, ಒಂದು ಕಪ್ಪು. ಹತ್ತು ಬಣ್ಣ ತಂದು ನೋಡಿದ ಮೇಲೆ ಇಲ್ಲಿಗೆ ಬಂದು ನಿಂತಿದ್ದೇನೆ.

ಕಾಗದದ ಮಾತು ಚಿಕ್ಕದು. ದಾಂಡೇಲಿಯಲ್ಲಿ 1955ರಲ್ಲಿ ಆರಂಭವಾದ ಕಾಗದದ ಕಾರ್ಖಾನೆ ನಮ್ಮ ಜಿಲ್ಲೆಗೆ ಹೊಂದಿಕೊಂಡ ಉತ್ತರ ಕನ್ನಡದಲ್ಲೇ ಇದೆ. ಒಳ್ಳೆಯ ಕಾಗದಕ್ಕೆ ದೂರ ಹೋಗಬೇಕಿಲ್ಲ. ಶಾಯಿ ಹರಡದ, ಹಿಂದಿನ ಪುಟಕ್ಕೆ ಇಳಿಯದ ನೋಟ್‌ಬುಕ್ಕು ಬೇಕಾದರೆ ಅಂಗಡಿಯಲ್ಲಿ ಕೊನೆಯ ಹಾಳೆಯ ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡುವುದೇ ಪರೀಕ್ಷೆ.

ಈ ಹವ್ಯಾಸದ ಬಗ್ಗೆ ಕೇಳಿಬರುವ ಎರಡು ಹೊಗಳಿಕೆಗಳನ್ನು ತೂಗಿ ನೋಡಬೇಕು. ಒಂದು, ಇದು ಪರಿಸರಕ್ಕೆ ಒಳ್ಳೆಯದು ಎನ್ನುವುದು. ಒಂದೇ ಪೆನ್ನಿಗೆ ಬಾಟಲಿಯ ಶಾಯಿ ತುಂಬಿಸಿ ಹತ್ತು ವರ್ಷ ಬರೆಯುವವನ ಮಟ್ಟಿಗೆ ಇದು ನಿಜ. ಪ್ಲಾಸ್ಟಿಕ್ ಕಾರ್ಟ್ರಿಜ್ ಬಳಸಿ ಎಸೆಯುವವನ ಮಟ್ಟಿಗೆ ನಿಜವಲ್ಲ. ವರ್ಷಕ್ಕೆ ಇಪ್ಪತ್ತು ಪೆನ್ನು ತರಿಸಿ ಪೆಟ್ಟಿಗೆಯಲ್ಲಿ ಜೋಡಿಸುವವನು ಪರಿಸರದ ಹೆಸರು ಎತ್ತಬಾರದು. ಇನ್ನೊಂದು, ಪೆನ್ನು ಕೂಡಿಟ್ಟರೆ ಬೆಲೆ ಏರುತ್ತದೆ ಎನ್ನುವುದು. ಅಪರೂಪದ ಕೆಲವು ಹಳೆಯ ಪೆನ್ನುಗಳಿಗೆ ಬೆಲೆ ಬಂದಿದೆ. ಉಳಿದ ಪೆನ್ನು ಅಂಗಡಿಯಿಂದ ಹೊರಬಂದ ಕೂಡಲೇ ಬೆಲೆ ಕಳೆದುಕೊಳ್ಳುತ್ತದೆ. ಸೀಮಿತ ಸಂಖ್ಯೆಯ ಪೆನ್ನು ಎಂದು ಪೆಟ್ಟಿಗೆಯ ಮೇಲೆ ಅಂಕಿ ಹಾಕಿದ್ದನ್ನು ನಂಬಿ ಉಳಿತಾಯದ ಹಣ ಹಾಕಬೇಡಿ ಎಂದು ಎಳೆಯರಿಗೆ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಪೇಟೆಯಲ್ಲಿ ಹೆಸರಾಂತ ಪೆನ್ನುಗಳ ನಕಲು ಧಾರಾಳವಾಗಿವೆ. ಅಸಲಿಯ ಅರ್ಧ ಬೆಲೆಗೆ ಸಿಕ್ಕಿತು ಎಂದು ಹಿಗ್ಗುವ ಮುಂಚೆ ನಿಬ್ಬಿನ ಮೇಲಿನ ಕೆತ್ತನೆಯನ್ನು ಭೂತಗನ್ನಡಿ ಹಿಡಿದು ನೋಡಬೇಕು. ನಕಲಿಯಲ್ಲಿ ಅಕ್ಷರದ ಅಂಚು ಕಲಸಿಕೊಂಡಿರುತ್ತದೆ.

ಹಾಗಾದರೆ ಕೂಡಿಡುವುದೋ, ಬರೆಯುವುದೋ? ಬರೆಯದ ಪೆನ್ನು ನನ್ನ ಲೆಕ್ಕದಲ್ಲಿ ಸಂಗ್ರಹವಲ್ಲ. ಬಳಸದೆ ಇಟ್ಟ ಪೆನ್ನಿನ ರಬ್ಬರ್ ಚೀಲ ಕಲ್ಲಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ, ಉಳಿದ ಶಾಯಿ ನಾಲಿಗೆಯನ್ನು ಕಟ್ಟುತ್ತದೆ. ಪೆನ್ನನ್ನು ಕಾಪಾಡುವುದೆಂದರೆ ಬರೆಯುತ್ತಿರುವುದು. ನನ್ನ ಹತ್ತಿರ ಈಗ ಒಂಬತ್ತು ಪೆನ್ನುಗಳಿವೆ. ಮೂರರಲ್ಲಿ ಶಾಯಿ ಇರುತ್ತದೆ, ತಿಂಗಳಿಗೊಮ್ಮೆ ಸರದಿ ಬದಲಾಗುತ್ತದೆ. ಇದಕ್ಕಿಂತ ಹೆಚ್ಚಾದರೆ ಯಾವ ಪೆನ್ನಿನ ಗುಣವೂ ಕೈಗೆ ಗುರುತಾಗುವುದಿಲ್ಲ. ಆರು ತಿಂಗಳು ಒಂದೇ ಪೆನ್ನಿನಲ್ಲಿ ಬರೆದರೆ ಯಾವ ಕೋನದಲ್ಲಿ ಹಿಡಿದರೆ ಅದು ಒಲಿಯುತ್ತದೆ ಎಂದು ಬೆರಳು ಕಲಿಯುತ್ತದೆ. ಆ ಗುರುತು ದುಡ್ಡಿಗೆ ಸಿಗುವುದಿಲ್ಲ.

ನಮ್ಮ ಕಡೆಯ ನಿಜವಾದ ನಷ್ಟ ಪೆನ್ನುಗಳದ್ದಲ್ಲ, ರಿಪೇರಿಯ ಅರಿವಿನದು. ಬೆಳಗಾವಿಯ ಖಡೇಬಜಾರಿನ ಕಡೆ ಒಂದು ಕಾಲಕ್ಕೆ ಅಂಗಡಿಯ ಮೆಟ್ಟಿಲ ಮೇಲೆ ಸಣ್ಣ ಮೇಜು ಹಾಕಿಕೊಂಡು ಪೆನ್ನು ರಿಪೇರಿ ಮಾಡುತ್ತ ಕೂತಿರುತ್ತಿದ್ದ ಒಬ್ಬ ಹಿರಿಯರ ನೆನಪು ನನಗಿದೆ. ನಿಬ್ಬನ್ನು ಹೆಬ್ಬೆರಳ ಉಗುರಿನ ಮೇಲೆ ಒತ್ತಿ ಸೀಳಿನ ಎರಡೂ ಬದಿ ಸಮ ಇವೆಯೇ ಎಂದು ನೋಡುತ್ತಿದ್ದರು. ಒಂದು ಮೇಲೆ ಒಂದು ಕೆಳಗಿದ್ದರೆ ಉಗುರಿನಿಂದಲೇ ಸರಿಮಾಡಿ, ತಮ್ಮ ಮುಂದಿದ್ದ ಕಂದು ಕಾಗದದ ಮೇಲೆ ಸೊನ್ನೆಗಳನ್ನು ಬರೆಯುತ್ತಿದ್ದರು. ಬಲಕ್ಕೊಂದು ಸೊನ್ನೆ, ಎಡಕ್ಕೊಂದು ಸೊನ್ನೆ. ಕೆರೆಯುವ ಸದ್ದು ಎಲ್ಲಿ ಬಂತೆಂದು ಕಿವಿಗೊಟ್ಟು ಕೇಳಿ, ಅಷ್ಟೇ ಜಾಗವನ್ನು ನುಣುಪು ಕಲ್ಲಿಗೆ ಎರಡು ಸಲ ತಾಗಿಸಿ ಕೊಡುತ್ತಿದ್ದರು. ಪೆನ್ನಿನ ಮೈಮೇಲೆ ಹೆಸರು ಕೊರೆದುಕೊಡುತ್ತಲೂ ಇದ್ದರು. ನಿವೃತ್ತಿಗೆ, ಲಗ್ನಕ್ಕೆ, ಮಗ ಮುಲ್ಕಿ ಪರೀಕ್ಷೆ ಪಾಸಾದದ್ದಕ್ಕೆ ಜನ ಹೆಸರು ಹಾಕಿಸಿದ ಪೆನ್ನು ಕೊಡುತ್ತಿದ್ದ ಕಾಲ ಅದು.

ಅವರು ಮಾಡುತ್ತಿದ್ದ ಕೆಲಸದಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಕಲಿಯಬಹುದು. ಅಜ್ಜನ ಪೆನ್ನನ್ನು ಕಡೆಗೂ ಬರೆಯುವಂತೆ ಮಾಡಿದ್ದು ನಾನೇ. ಬಿಸಿನೀರಿನ ತಪ್ಪಾದ ಮೇಲೆ ನಿಬ್ಬು, ನಾಲಿಗೆ ಇರುವ ಭಾಗವನ್ನು ಒಂದು ಲೋಟ ತಣ್ಣೀರಿನಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ನಿಬ್ಬಿನ ಸೀಳಿನಿಂದ ಒಂದು ನೀಲಿ ಎಳೆ ಹೊರಟು ಲೋಟದ ತಳಕ್ಕೆ ಇಳಿಯಿತು. ಅಜ್ಜ ಕೊನೆಯ ಸಲ ತುಂಬಿಸಿದ ಶಾಯಿ ಅದು. ನೋಡುತ್ತ ಕೂತೆ. ಮೂರು ದಿನ, ದಿನಕ್ಕೆರಡು ಸಲ ನೀರು ಬದಲಿಸಿದ ಮೇಲೆ ನೀರು ತಿಳಿಯಾಗಿ ನಿಂತಿತು. ನಿಬ್ಬಿನ ಸೀಳಿನಲ್ಲಿ ತೆಳು ಹಿತ್ತಾಳೆಯ ಹಾಳೆ ಎಳೆದು ಕಸ ತೆಗೆದೆ. ತಿರುಪಿನ ಮರೆಗೆ ಒಂದಿಷ್ಟು ಸಿಲಿಕೋನ್ ಗ್ರೀಸ್ ಹಚ್ಚಿದೆ, ಸೋರದಿರಲಿ ಎಂದು. ಫಿಲ್ಲರಿನಿಂದ ನೀಲಿ ಶಾಯಿ ತುಂಬಿಸಿ, ನಿಬ್ಬು ಕೆಳಗೆ ಮಾಡಿ ಕ್ಷಣ ಕಾದೆ. ಕಾಗದದ ಮೇಲೆ ಸುಮ್ಮನೆ ಇಟ್ಟೆ, ಒತ್ತಲಿಲ್ಲ. ಶಾಯಿ ಇಳಿಯಿತು. ಬರೆದದ್ದು ಅವರ ಹೆಸರು.

ಈ ಲೇಖನದ ಮೊದಲ ಕರಡನ್ನು ಆ ಪೆನ್ನಿನಲ್ಲೇ ಬರೆದಿದ್ದೇನೆ. ಮೈ ಬಣ್ಣ ಕೆಟ್ಟಿದೆ, ಬರವಣಿಗೆ ಕೆಟ್ಟಿಲ್ಲ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಟ್ರಂಕು, ಕಪಾಟಿನ ಮೇಲಿನ ಖಾನೆ, ದೇವರ ಮನೆಯ ಮೂಲೆಯನ್ನು ಒಮ್ಮೆ ನೋಡಿ. ಮಾಸ್ತರರು, ತಲಾಟಿಗಳು, ಸೊಸೈಟಿಯ ಕಾರಕೂನರು ಇದ್ದ ಮನೆಗಳಲ್ಲಿ ಒಂದಾದರೂ ಪೆನ್ನು ಇದ್ದೇ ಇರುತ್ತದೆ. ಸಿಕ್ಕರೆ ಬಲವಂತವಾಗಿ ತಿರುಗಿಸಬೇಡಿ, ಬಿಸಿನೀರಿಗೆ ಹಾಕಬೇಡಿ, ಸ್ಪಿರಿಟ್ ಹಚ್ಚಬೇಡಿ. ತಣ್ಣೀರು, ಮೂರು ದಿನದ ತಾಳ್ಮೆ, ಇಷ್ಟೇ ಬೇಕು. ಅದು ಯಾರದು, ಯಾರು ಕೊಟ್ಟದ್ದು ಎಂದು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಅದೇ ಪೆನ್ನಿನಲ್ಲಿ ಒಂದು ಹಾಳೆಯ ಮೇಲೆ ಬರೆದು ಪೆನ್ನಿನ ಜೊತೆಗೇ ಇಡಿ.